ನೆರೆ ಇಳಿಯಿತು, ರೈತನ ಲೆಕ್ಕ ಈಗ ಶುರು

2019ರ ಆಗಸ್ಟ್ ತಿಂಗಳ ಆ ಮಳೆ ನಿಂತು ಎರಡು ತಿಂಗಳು ಕಳೆಯಿತು. ಬೇಲೂರಿನಿಂದ ಮೂಡಿಗೆರೆ ಕಡೆಗೆ ಅಕ್ಕಿ, ಬಿಸ್ಕತ್ತು, ಹೊದಿಕೆ ತುಂಬಿಕೊಂಡು ಓಡುತ್ತಿದ್ದ ಪಿಕಪ್‌ಗಳು ಈಗ ಮತ್ತೆ ತಮ್ಮ ಮಾಮೂಲಿ ಬಾಡಿಗೆಗೆ ಹೋಗಿವೆ. ಮಸೀದಿ ಬಾಗಿಲಲ್ಲಿ ಇಟ್ಟಿದ್ದ ಪರಿಹಾರದ ಡಬ್ಬಿ ಒಳಗಿನ ಕಪಾಟು ಸೇರಿದೆ. ನೆರೆ ಪರಿಹಾರಕ್ಕೆಂದೇ ಮಾಡಿದ್ದ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಈಗ ಬರುವುದು ಬೆಳಗಿನ ಶುಭಾಶಯ ಮತ್ತು ಮದುವೆ ಕಾಗದ ಮಾತ್ರ. ಇದರಲ್ಲಿ ಯಾರನ್ನೂ ದೂರುವಂಥದ್ದೇನೂ ಇಲ್ಲ. ಆ ವಾರ ಬಕ್ರೀದ್ ಹಬ್ಬವಿತ್ತು, ಹೊಸ ಬಟ್ಟೆಯ ದುಡ್ಡನ್ನು ಡಬ್ಬಿಗೆ ಹಾಕಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಜನ ಕೊಟ್ಟಿದ್ದಾರೆ, ಮನಸ್ಸಿಟ್ಟು ಕೊಟ್ಟಿದ್ದಾರೆ.

ಆದರೆ ಈಗ ಮತ್ತೊಮ್ಮೆ ಕೇಳಿದರೆ ಬರುವ ಉತ್ತರ ಒಂದೇ. "ಕೊಟ್ಟಾಯ್ತಲ್ಲ, ಇನ್ನೇನು? ನೆರೆ ಇಳೀತು, ಸರ್ಕಾರದ ದುಡ್ಡೂ ಬಂತು, ಅವರ ಪಾಡು ಅವರು ನೋಡ್ಕೋತಾರೆ ಬಿಡಿ." ಈ ವಾರ ನಾವು ಓದುಗರ ಮುಂದೆ ಇಡಬೇಕಾಗಿರುವುದು ಈ ಉತ್ತರವನ್ನೇ. ಪೇಟೆಯವನಿಗೆ ನೆರೆ ಎಂದರೆ ನೀರು ಒಳಗೆ ಬಂದ ದಿನ. ತೊಳೆದು, ಒಣಗಿಸಿ, ಶಟರ್ ಎತ್ತಿದರೆ ಅಂಗಡಿ ಮತ್ತೆ ಅಂಗಡಿಯೇ. ರೈತನ ನಷ್ಟ ನೀರು ಇಳಿದ ಮೇಲೆ ಕಾಣಿಸಲು ಶುರುವಾಗುತ್ತದೆ, ಐದಾರು ವರ್ಷ ಕಾಣಿಸುತ್ತಲೇ ಇರುತ್ತದೆ.

2019ರಲ್ಲಿ ರಾಜ್ಯದ 22 ಜಿಲ್ಲೆ, 103 ತಾಲ್ಲೂಕುಗಳಲ್ಲಿ ನೆರೆ ಎಂದು ಸರ್ಕಾರ ಹೇಳಿತ್ತು. ಬೆಳಗಾವಿ, ಬಾಗಲಕೋಟೆ ಕಡೆ ಊರಿಗೆ ಊರೇ ಮುಳುಗಿದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಒಟ್ಟು ನಷ್ಟ 35 ಸಾವಿರ ಕೋಟಿ ರೂಪಾಯಿಗೂ ಮೇಲೆ ಎಂದು ರಾಜ್ಯ ಲೆಕ್ಕ ಕೊಟ್ಟಿತು, ಕೇಂದ್ರದಿಂದ 2019ರ ಅಕ್ಟೋಬರ್‌ನಲ್ಲಿ ಮೊದಲ ಕಂತೆಂದು ಬಂದದ್ದು 1,200 ಕೋಟಿ. ಇವೆಲ್ಲ ನಮ್ಮ ನಿಮ್ಮ ಕೈಗೆ ಎಟುಕುವ ಅಂಕಿಗಳಲ್ಲ. ಕೋಟಿ ಕೋಟಿ ಎಂದು ಓದಿದಾಗ, ನನ್ನ ಇನ್ನೂರು ರೂಪಾಯಿಗೆ ಇಲ್ಲೇನು ಕೆಲಸ ಎಂದು ಅನ್ನಿಸುವುದು ಸಹಜ. ಅದಕ್ಕೇ ಕೋಟಿ ಬಿಟ್ಟು ಎಕರೆಗೆ ಇಳಿಯೋಣ.

ಒಬ್ಬ ಸಣ್ಣ ಬೆಳೆಗಾರ ಎಂದಿಟ್ಟುಕೊಳ್ಳಿ. ಎರಡು ಎಕರೆ ಕಾಫಿ, ನಡುವೆ ನೆರಳಿನ ಮರಕ್ಕೆ ಹಬ್ಬಿಸಿದ ಮೆಣಸು, ಕೆಳಗೆ ಹಳ್ಳದ ಪಕ್ಕ ಅರ್ಧ ಎಕರೆ ಗದ್ದೆ, ಕೊಟ್ಟಿಗೆಯಲ್ಲಿ ಎರಡು ಹಸು. ನಮ್ಮ ಅರೇಹಳ್ಳಿ, ಬಿಕ್ಕೋಡು ಕಡೆಯಲ್ಲೂ ಇಂಥವರೇ ಹೆಚ್ಚು, ಮೂಡಿಗೆರೆಯಲ್ಲೂ ಇಂಥವರೇ. ಎಸ್ಟೇಟ್ ಎಂದ ಕೂಡಲೇ ಬಂಗಲೆ, ಜೀಪು, ನಾಯಿ ಎಂದು ಯೋಚಿಸುವವರು ಈ ತೋಟಗಳನ್ನು ಒಮ್ಮೆ ನೋಡಿ ಬರಬೇಕು. ಆಗಸ್ಟ್ 9ರ ಹೊತ್ತಿಗೆ ಗುಡ್ಡ ಜಾರಿ ಒಂದು ಎಕರೆ ತೋಟ ಮರದ ಸಮೇತ ಹಳ್ಳಕ್ಕೆ ಹೋಯಿತು. ಆ ಮಣ್ಣು, ಕಲ್ಲು, ದಿಮ್ಮಿ ಎಲ್ಲ ಬಂದು ಕೂತದ್ದು ಅವನದೇ ಗದ್ದೆಯ ಮೇಲೆ. ಉಳಿದ ಒಂದು ಎಕರೆಯಲ್ಲಿ ಬಿಸಿಲೇ ಕಾಣದ ವಾರಗಳಲ್ಲಿ ಕಾಯಿಗೆ ಕೊಳೆ ಬಂದು ಉದುರಿತು. ಮೆಣಸಿನ ಬಳ್ಳಿಗೆ ಸೊರಗು ರೋಗ ಹತ್ತಿತೋ ಇಲ್ಲವೋ ಎಂಬುದು ಮಳೆಗಾಲ ಮುಗಿದು ಎಲೆ ಹಳದಿಯಾದ ಮೇಲಷ್ಟೇ ಗೊತ್ತಾಗುತ್ತದೆ.

ಇವನಿಗೆ ಕಾಗದದ ಮೇಲೆ ಎಷ್ಟು ಸಿಗುತ್ತಿತ್ತು? 2019ರಲ್ಲಿ ಬಹುವಾರ್ಷಿಕ ಬೆಳೆಗೆ ಕೇಂದ್ರದ ವಿಪತ್ತು ಪರಿಹಾರದ ದರ ಹೆಕ್ಟೇರಿಗೆ 18,000 ರೂಪಾಯಿ ಇತ್ತು. ರಾಜ್ಯ ಸರ್ಕಾರ ಅದಕ್ಕೆ 10,000 ಸೇರಿಸಿ 28,000 ಮಾಡಿತ್ತು, ಅದು ಒಳ್ಳೆಯ ಕೆಲಸವೇ. ಎಕರೆಗೆ ಇಳಿಸಿದರೆ 11 ಸಾವಿರ ಚಿಲ್ಲರೆ. ಅದೂ ಬೆಳೆ ಶೇ. 33ಕ್ಕಿಂತ ಹೆಚ್ಚು ಹಾಳಾಗಿದ್ದರೆ, ಅದೂ ಎರಡು ಹೆಕ್ಟೇರ್ ಮಿತಿಯೊಳಗೆ. ಗದ್ದೆಯ ಮೇಲೆ ಮೂರು ಇಂಚಿಗಿಂತ ದಪ್ಪ ಮರಳು, ಹೂಳು ಕೂತಿದ್ದರೆ ಅದನ್ನು ತೆಗೆಯಲು ಆಗ ಹೆಕ್ಟೇರಿಗೆ 12,200. ಎಕರೆಗೆ ಐದು ಸಾವಿರವೂ ಆಗುತ್ತಿರಲಿಲ್ಲ. ಜೆಸಿಬಿ ಬಾಡಿಗೆ ಗಂಟೆಗೆ ಸಾವಿರದಂತೆ ಇಟ್ಟರೂ ಐದು ಗಂಟೆ ಕೆಲಸ, ಅಷ್ಟರಲ್ಲಿ ದಿಮ್ಮಿಗಳನ್ನು ಬದಿಗೆ ಎಳೆಯುವುದೇ ಮುಗಿಯುವುದಿಲ್ಲ. ಇನ್ನು ಭೂಮಿಯೇ ಜಾರಿ ಹೋಗಿದ್ದರೆ ಸಣ್ಣ, ಅತಿ ಸಣ್ಣ ರೈತರಿಗೆ ಆಗ ಹೆಕ್ಟೇರಿಗೆ 37,500. ಎಕರೆಗೆ ಹದಿನೈದು ಸಾವಿರ. ಬೇಲೂರಿನ ಬಸ್‌ಸ್ಟ್ಯಾಂಡ್ ಹತ್ತಿರದ ಯಾವ ಅಂಗಡಿಗೆ ಹೋದರೂ ಹದಿನೈದು ಸಾವಿರಕ್ಕೆ ಒಂದು ಮೊಬೈಲ್ ಬರುತ್ತದೆ. ತಾತ ಕಡಿದು ಹಸನು ಮಾಡಿದ, ಅಪ್ಪ ಗಿಡ ನೆಟ್ಟ ಒಂದು ಎಕರೆ ನೆಲಕ್ಕೂ ಅಷ್ಟೇ.

ಗಿಡದ ಆಯುಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಅರೇಬಿಕಾ ಇಂದು ನೆಟ್ಟರೆ ಹೇಳಿಕೊಳ್ಳುವಂಥ ಫಸಲಿಗೆ ನಾಲ್ಕು ವರ್ಷ. ಮೆಣಸಿನ ಬಳ್ಳಿಗೆ ಮೂರು ನಾಲ್ಕು ವರ್ಷ. ಅಡಿಕೆಗೆ ಐದರಿಂದ ಏಳು. ಭತ್ತ ಹೋದರೆ ಮುಂದಿನ ಮಳೆಗಾಲಕ್ಕೆ ಮತ್ತೆ ನಾಟಿ ಮಾಡಬಹುದು, ತೋಟ ಹೋದರೆ ಮಗಳ ಮದುವೆಯ ವರ್ಷ ಬದಲಾಗುತ್ತದೆ, ಮಗ ಕಾಲೇಜು ಬಿಟ್ಟು ಬೆಂಗಳೂರಿನ ಹೋಟೆಲ್ ಸೇರುತ್ತಾನೆ. ಇಷ್ಟರ ಮೇಲೆ ಮೆಣಸಿನ ದರ ಅದಕ್ಕೂ ಮೂರ್ನಾಲ್ಕು ವರ್ಷದ ಹಿಂದೆ ಕಿಲೋಗೆ ಏಳುನೂರರ ಆಸುಪಾಸಿನಲ್ಲಿದ್ದದ್ದು 2019ರಲ್ಲಿ ಮುನ್ನೂರರ ಆಸುಪಾಸಿಗೆ ಬಂದು ಕೂತಿತ್ತು. ತೋಟ ಉಳಿದವನೇ ಉಸಿರು ಬಿಗಿ ಹಿಡಿದಿದ್ದ ಕಾಲ ಅದು.

ಸರ್ಕಾರ ಕೊಡುತ್ತದಲ್ಲ ಎನ್ನುವವರು ಇನ್ನೊಂದು ವಿಷಯ ತಿಳಿದಿರಬೇಕು. ಬೆಳೆ ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ. ಕಂದಾಯ ಇಲಾಖೆಯ 'ಪರಿಹಾರ' ತಂತ್ರಾಂಶಕ್ಕೆ ಸರ್ವೆ ನಂಬರ್ ಬೇಕು, ಖಾತೆ ಬೇಕು. ಮಧ್ಯವರ್ತಿ ತಿನ್ನಬಾರದು ಎಂದು ಮಾಡಿದ ವ್ಯವಸ್ಥೆ, ಅದರ ಉದ್ದೇಶ ಸರಿಯಾದದ್ದೇ. ಆದರೆ ಮಲೆನಾಡಿನ ಪಹಣಿಗಳನ್ನು ನೋಡಿದವರಿಗೆ ಅಲ್ಲಿನ ಕತೆ ಗೊತ್ತು. ತಾತ ತೀರಿಕೊಂಡು ಇಪ್ಪತ್ತು ವರ್ಷವಾದರೂ ಪೌತಿ ಖಾತೆಯಾಗಿಲ್ಲ, ಜಮೀನು ಇನ್ನೂ ಅವರ ಹೆಸರಲ್ಲೇ ಇದೆ. ತಂತ್ರಾಂಶ ತಾತನನ್ನು ಹುಡುಕುತ್ತದೆ. ಬಗರ್ ಹುಕುಂ ಸಾಗುವಳಿ ಮಾಡಿಕೊಂಡು ನಮೂನೆ 53 ಕೊಟ್ಟು ಕಾದವರಿದ್ದಾರೆ, 2018ರಲ್ಲಿ ನಮೂನೆ 57 ಬಂದಾಗ ಮತ್ತೆ ಅರ್ಜಿ ಹಾಕಿ ಕಾಯುತ್ತಿರುವವರಿದ್ದಾರೆ. ಅವರ ತೋಟ ಜಾರಿದರೆ ಕಾಗದದ ಪ್ರಕಾರ ಜಾರಿದ್ದು ಸರ್ಕಾರಿ ಜಮೀನು. ಬೇರೆಯವರ ಗದ್ದೆ ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದವರಿಗೆ ಸಾಲ ತಮ್ಮದು, ಪಹಣಿ ಬೇರೆಯವರದು. ಮಳೆಗಾಲ ಪೂರ್ತಿ ಕೆಲಸವಿಲ್ಲದೆ ಲೈನ್ ಮನೆಯಲ್ಲಿ ಕೂತ ತೋಟದ ಆಳುಗಳ ಹೆಸರು ಯಾವ ಪಹಣಿಯಲ್ಲೂ ಬರುವುದಿಲ್ಲ, ಅವರಿಗೆ ಕಳೆದುಹೋದದ್ದು ಬೆಳೆಯಲ್ಲ, ಕೂಲಿ.

2019ರಲ್ಲಿ ಮನೆ ಪೂರ್ತಿ ಬಿದ್ದವರಿಗೆ ಐದು ಲಕ್ಷ ಕೊಡುವುದಾಗಿ ಸರ್ಕಾರ ಹೇಳಿತ್ತು, ತುರ್ತಿಗೆ ಹತ್ತು ಸಾವಿರ ಕೊಟ್ಟಿತ್ತು. ಅದನ್ನು ಹಗುರ ಮಾಡಬಾರದು. ಆದರೂ 2018ರ ಕೊಡಗನ್ನು ನೆನಪು ಮಾಡಿಕೊಳ್ಳಿ. ಮಕ್ಕಂದೂರು, ಜೋಡುಪಾಲದ ಸುದ್ದಿ ಕೇಳಿ ರಾಜ್ಯದ ಮೂಲೆಮೂಲೆಯಿಂದ ಲಾರಿಗಳು ಮಡಿಕೇರಿ ಹತ್ತಿದವು. ಅಷ್ಟು ಜನ ಕೊಟ್ಟ ಊರಲ್ಲೂ ಜಂಬೂರಿನಲ್ಲಿ ಕಟ್ಟುತ್ತಿದ್ದ ಮನೆಗಳು ವರ್ಷ ದಾಟಿದರೂ ಕೈಗೆ ಬಂದಿರಲಿಲ್ಲ. ಲಾರಿಗೆ ಒಂದು ವಾರ ಸಾಕು. ಮನೆಗೆ ವರ್ಷ ಬೇಕು, ತೋಟಕ್ಕೆ ಇನ್ನೂ ಹೆಚ್ಚು.

ಇದನ್ನೆಲ್ಲ ಬ್ಯಾರಿ ಪುಟದಲ್ಲಿ ಬರೆಯಲು ಕಾರಣವಿದೆ. ನಮ್ಮ ಹಿರಿಯರು ಚಾರ್ಮಾಡಿ, ಶಿರಾಡಿ ಹತ್ತಿ ಬಂದು ಮೂಡಿಗೆರೆ, ಸಕಲೇಶಪುರ, ಬೇಲೂರು, ಚಿಕ್ಕಮಗಳೂರಿನಲ್ಲಿ ನೆಲೆ ನಿಂತದ್ದು ವ್ಯಾಪಾರದಿಂದ. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂತೆಂದು ಹೇಳುತ್ತಾರೆ. ತಲೆಹೊರೆಯಲ್ಲಿ ಒಣಮೀನು, ಬಟ್ಟೆ ತಂದವರು, ಹೋಗುವಾಗ ಮೆಣಸು, ಏಲಕ್ಕಿ, ಅಡಿಕೆ ಕೊಂಡರು. ಆಮೇಲೆ ಸಂತೆಯಲ್ಲಿ ಜಾಗ, ಆಮೇಲೆ ಅಂಗಡಿ, ಕೆಲವರಿಗೆ ಗೋದಾಮು, ಇನ್ನು ಕೆಲವರಿಗೆ ತೋಟ. ಮಳೆಗಾಲದಲ್ಲಿ ಸಾಮಾನು ಸಾಲ ಕೊಟ್ಟು, ಕೊಯ್ಲಿನಲ್ಲಿ ಲೆಕ್ಕ ತೀರಿಸಿಕೊಳ್ಳುವ ಸಂಬಂಧ ಎರಡು ಮೂರು ತಲೆಮಾರಿನಿಂದ ನಡೆದಿದೆ. ರೈತನ ಕೈಯಲ್ಲಿ ದುಡ್ಡಿದ್ದರೆ ಮೀನಿನ ಅಂಗಡಿಯಿಂದ ಬಟ್ಟೆ ಅಂಗಡಿವರೆಗೆ ಎಲ್ಲರಿಗೂ ವ್ಯಾಪಾರ, ಅವನ ಕೈ ಖಾಲಿಯಾದರೆ ನಾವು ನೊಣ ಹೊಡೆಯಬೇಕು. 2019ರಲ್ಲಿ ಚಾರ್ಮಾಡಿ ಘಾಟಿ ಕುಸಿದಾಗ ನಮ್ಮಲ್ಲಿ ಎಲ್ಲರೂ ಕೇಳಿದ್ದು ರಸ್ತೆ ಯಾವಾಗ ಬಿಡ್ತಾರೆ ಎಂದು, ಮಂಗಳೂರು ಮೀನು ಎಷ್ಟು ಹೊತ್ತಿಗೆ ಬರುತ್ತೆ ಎಂದು. ಮೇಲೆ ಮಲೆಮನೆ, ಮಧುಗುಂಡಿಯಲ್ಲಿ ಯಾರ ತೋಟ ಹೋಯಿತು, ಕೆಳಗೆ ಬೆಳ್ತಂಗಡಿಯ ಚಾರ್ಮಾಡಿ, ಮಿತ್ತಬಾಗಿಲು, ಮಲವಂತಿಗೆ, ಕಡಿರುದ್ಯಾವರದಲ್ಲಿ ಯಾರ ಅಡಿಕೆ ತೋಟದಲ್ಲಿ ದಿಮ್ಮಿ ಬಂದು ಕೂತಿದೆ ಎಂದು ಕೇಳಿದವರು ಕಡಿಮೆ. ಘಾಟಿಯ ಮೇಲೂ ಕೆಳಗೂ ನಮಗೆ ನೆಂಟರಿದ್ದಾರೆ, ಗಿರಾಕಿಗಳಿದ್ದಾರೆ.

ಮತ್ತೆ ನೀರು. ಮೂಡಿಗೆರೆಯ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಗೊರೂರಿನಲ್ಲಿ ನಿಂತು, ಹಾಸನ, ತುಮಕೂರು, ಮಂಡ್ಯದ ಗದ್ದೆಗಳಿಗೆ ಹೋಗುತ್ತಾಳೆ. ಬಾಬಾಬುಡನ್‌ಗಿರಿ ಕಡೆಯಿಂದ ಇಳಿದು ಬರುವ ಯಗಚಿ ಬೇಲೂರಿನ ಪಕ್ಕದಲ್ಲೇ ಹರಿದು ಅವಳನ್ನು ಸೇರುತ್ತಾಳೆ. ಜಲಾಶಯ ತುಂಬಿತೆಂದು ಸುದ್ದಿ ಬಂದಾಗ ನಾವೆಲ್ಲ ಖುಷಿಪಟ್ಟೆವು, ಪಡಬೇಕಾದದ್ದೇ. ಆ ನೀರು ಮೇಲಿನ ಗುಡ್ಡದವರ ಮಣ್ಣನ್ನೂ ಜೊತೆಗೆ ತಂದಿತ್ತು.

ಇಲ್ಲಿ ಹಳೇಬೀಡಿನ ಓದುಗರು ಒಂದು ಮಾತು ಎತ್ತುತ್ತಾರೆ, ಎತ್ತಲೂ ಬೇಕು. ಒಂದೇ ತಾಲ್ಲೂಕಿನಲ್ಲಿ ಅರೇಹಳ್ಳಿ ಕಡೆ ಅತಿಮಳೆಗೆ ಕಾಯಿ ಕೊಳೆತರೆ, ಹಳೇಬೀಡು, ಮಾದಿಹಳ್ಳಿ ಕಡೆ ಟ್ಯಾಂಕರ್ ನೀರಿಗೆ ಕೊಡ ಸಾಲು ನಿಲ್ಲುತ್ತದೆ. ದ್ವಾರಸಮುದ್ರದ ಕೆರೆಗೆ ನೀರು ತನ್ನಿ, ರಣಘಟ್ಟ ಯೋಜನೆ ಮಾಡಿ ಎಂದು ಅಲ್ಲಿನ ರೈತರು ಬೀದಿಗಿಳಿದಿದ್ದರು. ಅರಸೀಕೆರೆಯಲ್ಲಿ ಬರಕ್ಕೆ ಸಿಕ್ಕಿ ಸುಳಿ ಒಣಗಿದ ತೆಂಗಿನ ಮರಗಳು ಹಾಗೇ ನಿಂತಿದ್ದವು. ಬರಕ್ಕೆ ಯಾರೂ ಲಾರಿ ತುಂಬಿಸುವುದಿಲ್ಲ, ಬರದ ಫೋಟೊ ಯಾರ ಸ್ಟೇಟಸ್ಸಿನಲ್ಲೂ ಬರುವುದಿಲ್ಲ, ನೆರೆಗೆ ಮಾತ್ರ ಯಾಕೆ ಎಂದು ಅವರು ಕೇಳಿದರೆ ನ್ಯಾಯವಾಗಿಯೇ ಕೇಳುತ್ತಾರೆ. ನಾವು ಹೇಳುತ್ತಿರುವ ಕ್ರಮ ಅವರಿಗೂ ಅನ್ವಯಿಸುತ್ತದೆ. ಒಮ್ಮೆ ಇಂಥದೊಂದು ನಿಧಿ ಜಮಾಅತ್‌ನಲ್ಲಿ ಶುರುವಾದರೆ ಅದು ಒಂದು ಮಳೆಗಾಲಕ್ಕೆ ಮುಗಿಯಬೇಕಾಗಿಲ್ಲ.

ಹಾಗಾದರೆ ಏನು ಕೊಡಬೇಕು? ಮೊದಲಿಗೆ, ಹಳೆ ಬಟ್ಟೆ ಬೇಡ. ಉಟ್ಟು ಬಿಟ್ಟ ಸೀರೆ, ಗುಂಡಿ ಕಿತ್ತ ಅಂಗಿ ಮೂಟೆ ಕಟ್ಟಿ ಕಳಿಸುವುದು ದಾನವಲ್ಲ, ಮನೆ ಸ್ವಚ್ಛ ಮಾಡುವುದು. ಅದನ್ನು ವಿಂಗಡಿಸಲು ಶಿಬಿರದಲ್ಲಿ ನಾಲ್ಕು ಜನ ಬೇಕಾಗುತ್ತದೆ, ಕೊನೆಗೆ ಅದು ಶಾಲೆಯ ವರಾಂಡದಲ್ಲೇ ಬೂಸಲು ಹಿಡಿಯುತ್ತದೆ. ಈ ಹೊತ್ತಿಗೆ ಬೇಕಾಗಿರುವುದು ದುಡ್ಡು. ಅದೂ ಸ್ವಲ್ಪ ಸ್ವಲ್ಪವಾಗಿ, ತಿಂಗಳು ತಿಂಗಳು ಬರುವ ದುಡ್ಡು.

ಒಂದು ಮಹಲ್ಲಿನಲ್ಲಿ ನೂರು ಮನೆ ಎಂದುಕೊಳ್ಳಿ. ಮನೆಗೆ ತಿಂಗಳಿಗೆ 200 ರೂಪಾಯಿ. ಎರಡು ಸಲ ಮೀನು ತರುವ ದುಡ್ಡು. ಹತ್ತು ತಿಂಗಳಿಗೆ ಎರಡು ಲಕ್ಷ. ಅಷ್ಟರಲ್ಲಿ ಏಳೆಂಟು ಕುಟುಂಬಗಳ ಗದ್ದೆಯಿಂದ ಹೂಳು ಎತ್ತಿಸಬಹುದು. ಅಥವಾ ಐದಾರು ಮನೆಗೆ ಕಾಫಿ, ಅಡಿಕೆ, ಮೆಣಸಿನ ಸಸಿ ಕೊಡಿಸಿ ಗುಂಡಿ ತೆಗೆಸುವ ಕೂಲಿಯನ್ನೂ ಕೊಡಬಹುದು. ಹಸು ಹೋದವರಿಗೆ ನಾಲ್ಕು ಮನೆಗೆ ಒಂದೊಂದು ಹಸು ಕಟ್ಟಿಸಬಹುದು, ಹಾಲಿನ ಡೇರಿಗೆ ಬೆಳಗ್ಗೆ ಸಂಜೆ ಹಾಲು ಹಾಕಿದರೆ ವಾರ ವಾರ ಕೈಗೆ ಕಾಸು ಓಡಾಡುತ್ತದೆ. ತೋಟ ಫಸಲಿಗೆ ಬರುವವರೆಗೆ ಒಂದು ಸಂಸಾರ ಉಸಿರಾಡುವುದು ಆ ಹಾಲಿನ ದುಡ್ಡಿನಲ್ಲಿ. ದೊಡ್ಡ ಲೆಕ್ಕ ಹೇಳುತ್ತಿಲ್ಲ ನಾವು. ಮಲೆಮನೆಯನ್ನು ಮತ್ತೆ ಕಟ್ಟುವ ತಾಕತ್ತು ನಮ್ಮ ಜಮಾಅತ್‌ಗೆ ಇಲ್ಲ. ಏಳೆಂಟು ಮನೆ ಮಾಡುವ ತಾಕತ್ತು ಇದೆ.

ತಿಂಗಳಿಗಿಷ್ಟು ಎಂದು ತೆಗೆದಿಡುವುದು ನಮಗೆ ಹೊಸದೂ ಅಲ್ಲ. ದಿನಾ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿ ಬೇರೆ ಡಬ್ಬಿಗೆ ಹಾಕಿ, ತಿಂಗಳ ಕೊನೆಗೆ ಮದ್ರಸಕ್ಕೆ ಕೊಡುತ್ತಿದ್ದ ಉಮ್ಮಂದಿರನ್ನು ಕಂಡವರು ಊರಲ್ಲಿ ಇನ್ನೂ ಇದ್ದಾರೆ. ಎಷ್ಟೋ ಮದ್ರಸಗಳ ಉಸ್ತಾದರು ಆ ಹಿಡಿ ಅಕ್ಕಿಯ ಮೇಲೆ ನಿಂತಿದ್ದರು. ಯಾರ ಮನೆಯಲ್ಲೂ ಅದರಿಂದ ಊಟ ಕಡಿಮೆಯಾಗಲಿಲ್ಲ.

ಈಗ ನಮ್ಮ ವ್ಯಾಪಾರಿಗಳಿಗೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಕಾಫಿ, ಮೆಣಸು, ಅಡಿಕೆ, ಶುಂಠಿ ಕೊಳ್ಳುವ ನಮ್ಮವರು ಬೆಳೆಯ ಮೇಲೆ ಮುಂಗಡ ಕೊಟ್ಟಿರುತ್ತಾರೆ. ಮುಂದಿನ ತಿಂಗಳಿಂದ ಕೊಯ್ಲು, ವಸೂಲಿಯ ಕಾಲ. ಬೆಳೆಯೇ ಇಲ್ಲದವನ ಅಂಗಳದಲ್ಲಿ ಹೋಗಿ ನಿಂತರೆ ಅವನು ಏನು ಕೊಟ್ಟಾನು? "ಸಾಹುಕಾರ್ರೇ, ಈ ಸಲ ಒಂದು ಬಿಟ್ಬಿಡಿ, ಮುಂದಿನ ವರ್ಸ ತೀರಿಸ್ತೀನಿ" ಎನ್ನುತ್ತಾನೆ. ಹೂಂ ಎಂದು ಬಿಡಿ. ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕು, ಬಿಟ್ಟೇ ಕೊಟ್ಟರೆ ಇನ್ನೂ ಒಳ್ಳೆಯದು ಎಂಬುದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾದ ಮಾತಲ್ಲ. ಮಳೆಗೆ ಸಿಕ್ಕಿದ ಕಾಯಿ ಎಂದು ತೇವಾಂಶದ ನೆಪ ಹೇಳಿ ನ್ಯಾಯದ ದರಕ್ಕಿಂತ ಕೆಳಗೆ ಎಳೆಯುವುದು, ಕಷ್ಟದಲ್ಲಿದ್ದವನ ಉಳಿದರ್ಧ ತೋಟವನ್ನು ಅಗ್ಗಕ್ಕೆ ಬರೆಸಿಕೊಳ್ಳಲು ದಲ್ಲಾಳಿಯನ್ನು ಕಳಿಸುವುದು ಇವೂ ನೆರೆಯ ನಂತರ ಎಲ್ಲ ಊರಲ್ಲೂ ನಡೆಯುತ್ತವೆ. ಎಲ್ಲ ಜಾತಿಯವರೂ ಮಾಡುತ್ತಾರೆ, ನಮ್ಮವರೂ ಇದ್ದಾರೆ. ಜುಮಾದ ದಿನ ಡಬ್ಬಿಗೆ ಐನೂರು ಹಾಕಿ ಸೋಮವಾರ ತಕ್ಕಡಿಯಲ್ಲಿ ಐದು ಸಾವಿರ ಎಳೆದುಕೊಂಡರೆ ಆ ಡಬ್ಬಿಗೆ ಅರ್ಥವಿಲ್ಲ. ವ್ಯಾಪಾರಿ ಕೊಡಬಹುದಾದ ಅತಿ ದೊಡ್ಡ ನೆರವು ಒಂದು ವರ್ಷದ ವಾಯಿದೆ. ಅದಕ್ಕೆ ರಸೀದಿ ಇರುವುದಿಲ್ಲ, ಪೇಪರಿನಲ್ಲಿ ಫೋಟೊ ಬರುವುದಿಲ್ಲ.

ಫೋಟೊದ ಮಾತು ಬಂದದ್ದರಿಂದ ಒಂದು ವಿನಂತಿ. ಇವರು ಕೈ ಚಾಚಿ ಅಭ್ಯಾಸವಿಲ್ಲದ ಜನ. ಹೋದ ವರ್ಷದವರೆಗೆ ತಮ್ಮ ತೋಟಕ್ಕೆ ಆಳು ಕರೆದು ಮಧ್ಯಾಹ್ನ ಊಟ ಹಾಕಿದವರು. ಐದು ಕಿಲೋ ಅಕ್ಕಿ ಚೀಲದ ಎರಡೂ ತುದಿ ಹಿಡಿದು ನಾಲ್ಕು ಜನ ಕ್ಯಾಮೆರಾ ನೋಡುವಾಗ ಚೀಲ ತೆಗೆದುಕೊಳ್ಳುವವನ ಕಣ್ಣು ಎಲ್ಲಿದೆ ಎಂದು ಆ ಫೋಟೊಗಳಲ್ಲಿ ಒಮ್ಮೆ ನೋಡಿ. ನರ್ಸರಿಯವನಿಗೆ ದುಡ್ಡು ಕಟ್ಟಿ, ಸಸಿ ನೇರ ಅವರ ಮನೆಗೆ ಹೋಗಲಿ. ಜೆಸಿಬಿ ಮಾಲೀಕನಿಗೆ ಗಂಟೆ ಲೆಕ್ಕದಲ್ಲಿ ಕೊಡಿ. ಮಗಳ ಕಾಲೇಜು ಫೀಸನ್ನು ಕಾಲೇಜಿಗೇ ಕಟ್ಟಿ. ಕೊಟ್ಟವರ ಹೆಸರು ಬೇಡ, ತೆಗೆದುಕೊಂಡವರ ಹೆಸರಂತೂ ಬೇಡವೇ ಬೇಡ. ಲೆಕ್ಕ ಮಾತ್ರ ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಪೈಸೆ ಪೈಸೆ ಇರಲಿ. ಇಷ್ಟು ಬಂತು, ಇಷ್ಟು ಸಸಿಗೆ ಹೋಯಿತು, ಇಷ್ಟು ಉಳಿದಿದೆ. ಲೆಕ್ಕ ಕೇಳುವವರನ್ನು ಕಂಡರೆ ಮುಖ ಸಿಂಡರಿಸುವ ಕಮಿಟಿಗೆ ಎರಡನೇ ತಿಂಗಳು ಯಾರೂ ಕೊಡುವುದಿಲ್ಲ, ಕೊಡಬಾರದು ಕೂಡ.

ಯಾರಿಗೆ ಕೊಡಬೇಕೆಂದು ಗೊತ್ತಾಗುವುದು ಹೇಗೆ? ಊರಿನ ಹಾಲು ಸಹಕಾರ ಸಂಘದ ಕಾರ್ಯದರ್ಶಿಗೆ ಯಾರ ಮನೆಯ ಹಾಲು ನಿಂತಿದೆ ಎಂದು ಗೊತ್ತಿರುತ್ತದೆ. ಕೃಷಿ ಪತ್ತಿನ ಸಂಘದವರಿಗೆ ಯಾರ ಕಂತು ನಿಂತಿದೆ ಎಂದು ಗೊತ್ತು. ಆಶಾ ಕಾರ್ಯಕರ್ತೆಗೆ ಯಾರ ಮನೆಯಲ್ಲಿ ಔಷಧಿ ನಿಂತಿದೆ ಎಂಬುದೂ ಗೊತ್ತು. ಇವರಲ್ಲಿ ಇಬ್ಬರನ್ನು ಕೇಳಿದರೆ ಪಹಣಿ ಇಲ್ಲದವರ ಹೆಸರೂ ಬರುತ್ತದೆ, ಲೈನ್ ಮನೆಯವರ ಹೆಸರೂ ಬರುತ್ತದೆ. ಆ ಪಟ್ಟಿಯಲ್ಲಿ ಗೌಡರೂ ಇರುತ್ತಾರೆ, ದಲಿತರೂ ಮುಸ್ಲಿಮರೂ ಕ್ರೈಸ್ತರೂ ಇರುತ್ತಾರೆ. ಝಕಾತ್‌ಗೆ ಅದರದೇ ನಿಯಮಗಳಿವೆ, ಅದನ್ನು ನಿಮ್ಮ ಖತೀಬರಲ್ಲಿ ಕೇಳಿ. ಸ್ವದಕ ಕೊಡಲು ಮಾತ್ರ ಪಡೆಯುವವನ ಜಾತಿ, ಧರ್ಮ ಕೇಳಬೇಕಾಗಿಲ್ಲ. ಗುಡ್ಡ ಜಾರುವಾಗಲೂ ಯಾರದೆಂದು ಕೇಳಲಿಲ್ಲ.

ಸ್ವತಃ ಓಡಾಡಲು ಆಗದವರಿಗೆ ಮುಖ್ಯಮಂತ್ರಿಗಳ ಪರಿಹಾರ ನಿಧಿ ಇದೆ. 2019ರಲ್ಲಿ ಚೆಕ್ ಅಥವಾ ಆನ್‌ಲೈನ್‌ನಲ್ಲಿ ಕೊಟ್ಟರೆ ಆದಾಯ ತೆರಿಗೆಯ 80ಜಿ ಅಡಿ ಪೂರ್ತಿ ವಿನಾಯಿತಿ ಸಿಗುತ್ತಿತ್ತು, ಎರಡು ಸಾವಿರ ಮೀರಿದ ನಗದಿಗೆ ಆ ವಿನಾಯಿತಿ ಇರಲಿಲ್ಲ. ಗಲ್ಫ್‌ನಲ್ಲಿರುವ ಮಕ್ಕಳು, ತಮ್ಮಂದಿರು ಇಲ್ಲಿನ ಸಂಘಕ್ಕೆ ಕಳಿಸಬಹುದೇ ಎಂದು ಹಲವರು ಕೇಳುತ್ತಾರೆ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದನ್ನು ವಿದೇಶಿ ದೇಣಿಗೆ ಎಂದು ಎಣಿಸುವುದಿಲ್ಲ. ಆದರೆ ಅಲ್ಲಿ ಬೇರೆ ದೇಶದವರಿಂದ, ಕಂಪನಿಯಿಂದ ಎತ್ತಿದ ದುಡ್ಡನ್ನು ಎಫ್‌ಸಿಆರ್‌ಎ ನೋಂದಣಿ ಇಲ್ಲದ ಊರಿನ ಸಂಘಕ್ಕೆ ಹಾಕಬೇಡಿ. ಒಳ್ಳೆ ಮನಸ್ಸಿನಿಂದ ಮಾಡಿದ್ದು ಕಮಿಟಿಯ ಕುತ್ತಿಗೆಗೆ ಬರುತ್ತದೆ.

ವ್ಯಾಪಾರ ಡಲ್ ಇದೆ, ನಮ್ಮದೇ ನಮಗೆ ಸಾಕಾಗಿದೆ ಎನ್ನುವ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಗಲ್ಫ್‌ನಿಂದ ಕೆಲಸ ಕಳೆದುಕೊಂಡು ಬಂದವರ ಮನೆಗಳು ಪ್ರತಿ ಬೀದಿಯಲ್ಲೂ ಇವೆ. ಅವರಿಂದ ಯಾರೂ ಕೇಳಬಾರದು. ಐವತ್ತು ಕೊಡುವವರು ಐವತ್ತೇ ಕೊಡಲಿ, ಕೊಡಲಾಗದವರು ಒಂದು ಭಾನುವಾರ ಗುದ್ದಲಿ ಹಿಡಿದು ಬರಲಿ. ಆಗಸ್ಟ್‌ನಲ್ಲಿ ಕೆಸರು ತುಂಬಿದ ಮನೆಗಳನ್ನು ತೊಳೆದುಕೊಟ್ಟ ಹುಡುಗರು ಎಲ್ಲ ಸಮುದಾಯದಲ್ಲೂ ಇದ್ದರು. ಗದ್ದೆಯ ಬದು ಕಟ್ಟಲು, ಕೊಚ್ಚಿಹೋದ ಕಾಲುದಾರಿ ಸರಿಮಾಡಲು ಈಗಲೂ ಕೈ ಬೇಕು. ಮಳೆ ಇಲ್ಲದ ಈ ತಿಂಗಳುಗಳಲ್ಲಿ ಮಾತ್ರ ಅದು ಸಾಧ್ಯ.

ತಿಂಗಳುಗಳ ಲೆಕ್ಕವೇ ಇಲ್ಲಿ ಮುಖ್ಯ. ಮುಂದಿನ ಜೂನ್ ಮಳೆಗೆ ಗಿಡ ನೆಡಬೇಕೆಂದರೆ ಕಾಫಿ ಬೀಜ ಡಿಸೆಂಬರ್, ಜನವರಿಯಲ್ಲಿ ಪಾತಿಗೆ ಬೀಳಬೇಕು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಬೀಜ ಬೇಕಿದ್ದರೆ ಅದಕ್ಕೂ ಮೊದಲೇ ಬೇಡಿಕೆ ಕೊಟ್ಟಿರಬೇಕು. ಮೆಣಸಿನ ಕುಡಿ ಫೆಬ್ರವರಿ, ಮಾರ್ಚ್‌ನಲ್ಲಿ ಪಾಲಿಥಿನ್ ಚೀಲಕ್ಕೆ ಇಡಬೇಕು. ಮೇ ತಿಂಗಳಲ್ಲಿ ಎಚ್ಚರವಾಗಿ ದುಡ್ಡು ಕೂಡಿಸಿದರೆ ನರ್ಸರಿಯಲ್ಲಿ ಉಳಿದಿರುವುದು ಯಾರೂ ಬೇಡವೆಂದ ಸಸಿ. ಗದ್ದೆಯ ಹೂಳು ಏಪ್ರಿಲ್ ಒಳಗೆ ಏಳಬೇಕು, ಆಮೇಲೆ ಮುಂಗಾರಿಗೆ ಮುಂಚಿನ ಮಳೆ ಬಿದ್ದರೆ ಜೆಸಿಬಿ ಇಳಿಯುವುದಿಲ್ಲ.

ಆದ್ದರಿಂದ ಬರುವ ಶುಕ್ರವಾರ ಜುಮಾ ಮುಗಿದ ಮೇಲೆ ಹತ್ತು ನಿಮಿಷ ಕೂತುಕೊಳ್ಳಿ. ಕಪಾಟಿನೊಳಗಿನ ಡಬ್ಬಿ ಹೊರಗೆ ತೆಗೆಸಿ. ಯಾವ ಊರು, ಎಷ್ಟು ಮನೆ, ತಿಂಗಳಿಗೆ ಎಷ್ಟು, ಲೆಕ್ಕ ಬರೆಯುವವರು ಯಾರು ಎಂದು ನಾಲ್ಕು ಸಾಲು ಬರೆದುಕೊಳ್ಳಿ. ಎರಡು ಜನ ಬೈಕಿನಲ್ಲಿ ಮೂಡಿಗೆರೆ ಕಡೆ ಹೋಗಿ ಆ ಮನೆಗಳನ್ನು ನೋಡಿ ಬರಲಿ, ಬರಿಗೈಯಲ್ಲೇ ಹೋಗಲಿ, ಏನು ಬೇಕೆಂದು ಕೇಳಿ ಬರಲಿ. ಕೊಯ್ಲು ಶುರುವಾಗಲು ಇನ್ನು ಹೆಚ್ಚು ದಿನವಿಲ್ಲ.